ದಾರ ಕಟ್ಟಿದ ಮೆಣಸಿನ ಗಿಡಗಳು

"ಯಾರೋ ಅದು? ಅಲ್ಲಾಡ್ಬೇಡ... ಅಲ್ಲೇ ನಿಂತ್ಕೊ!"

ರಾಜಿಯ ಕೂಗಿಗೆ ಮೆಣಸಿನ ಗಿಡಗಳ ನಡುವೆ ಬಗ್ಗಿದ್ದವನು ಬೆಚ್ಚಿ ನೆಟ್ಟಗಾದ.

ಸಂಕ್ರಾಂತಿ ಕಳೆದು ವಾರವಾಗಿತ್ತು. ಗಂಟೆ ಎಂಟೂವರೆಯಾದರೂ ಕೋಗಿಲು ಹಳ್ಳಿಯ ಮೇಲೆ ಕವಿದ ಮಂಜು ಕರಗಿರಲಿಲ್ಲ. ಹಿತ್ತಲಿನ ತುದಿಯ ಬೇಲಿಯೂ ಕಾಣದ ಆ ಮಂಜಿನಲ್ಲಿ ಒಬ್ಬ ಅಪರಿಚಿತ ಗಂಡಸು! ಹೆಗಲ ಮೇಲೆ ಚೌಕಳಿ ಟವೆಲ್ಲು, ಖಾಕಿ ಪ್ಯಾಂಟು, ಮುಷ್ಟಿಯ ತುಂಬ ಕೆಂಪಗೆ ಹಣ್ಣಾದ ಮೆಣಸಿನಕಾಯಿ.

ಅವಳ ಮನೆಯ ಮೆಣಸಿನಕಾಯಿ!

ರಾಜಿ ಯಲಹಂಕಕ್ಕೆ ಹೊಲಿಗೆ ಕೆಲಸಕ್ಕೆಂದು ಹೊರಟಿದ್ದವಳು. ಕತ್ತರಿಸಿಟ್ಟಿದ್ದ ರವಿಕೆಗಳ ಗಂಟು ಮರೆತು ಅರ್ಧ ದಾರಿಯಿಂದ ವಾಪಸು ಬಂದಿದ್ದಳು. ಗೋಡೆಗೆ ಒರಗಿಸಿದ್ದ ಕುಡುಗೋಲು ಅವಳ ಕೈಗೆ ಯಾವಾಗ ಬಂತೋ ಅವಳಿಗೇ ತಿಳಿಯಲಿಲ್ಲ.

"ಯಾರಯ್ಯ ನೀನು? ನಮ್ಮ ಹಿತ್ತಲಲ್ಲಿ ನಿಂಗೇನು ಕೆಲ್ಸ?"

"ಅದು... ದಾರಿ ತಪ್ಪಿ ಬಂದೆ ಕಣ್ರೀ."

"ದಾರಿ ತಪ್ಪಿದವ್ನು ಮೆಣಸಿನಕಾಯಿ ಕೀಳ್ತಾನಾ?"

ಅಷ್ಟರಲ್ಲಿ ಹಿಂಬಾಗಿಲ ಚೌಕಟ್ಟು ಹಿಡಿದುಕೊಂಡು ತಾಯಿ ಮುನಿವೆಂಕಟಮ್ಮ ಹೊರಬಂದಳು. "ಲೇ ರಾಜಿ, ಯಾಕಮ್ಮಿ ಇಂಗೆ ಕೂಗ್ತೀಯ? ಅವ್ನು ಮೆಣಸಿನಕಾಯಿ ಯಾಪಾರಕ್ಕೆ ಬಂದವ್ನೆ."

ಅವನು ದಾರಿ ತಪ್ಪಿ ಬಂದೆ ಅನ್ನುತ್ತಾನೆ. ಅವ್ವ ವ್ಯಾಪಾರಕ್ಕೆ ಬಂದ ಅನ್ನುತ್ತಾಳೆ. ಎರಡೂ ನಿಜ ಆಗೋಕೆ ಸಾಧ್ಯವಿಲ್ಲ... ಎರಡೂ ಸುಳ್ಳು ಮಾತ್ರ ಆಗಬಹುದು!

ಅವಳು ದಿಟ್ಟಿಸುತ್ತಲೇ ಇದ್ದಳು. ಆ ನೋಟಕ್ಕೆ ಬೆವರಿದ ಅವನು ಅದೇ ಕೈಯಿಂದ ಮುಖ ಒರೆಸಿಕೊಂಡ.

"ಅಯ್ಯಪ್ಪಾ!"

ಕೊನೆಯ ಕೊಯ್ಲಿನ ಕಾಯಿ ನೋಡಲು ಗಿಡ್ಡ, ಖಾರದಲ್ಲಿ ಬೆಂಕಿ. ಅವನು ಕಣ್ಣು ಮುಚ್ಚಿಕೊಂಡು ಕುಣಿಯುವುದನ್ನು ಕಂಡು ರಾಜಿಗೆ ನಗು ಬಂತು. ಕಷ್ಟಪಟ್ಟು ನುಂಗಿದಳು. ಬಚ್ಚಲಿನಿಂದ ಒಂದು ಚೊಂಬು ನೀರು ತಂದು ಅವನ ಮುಂದೆ ಕುಕ್ಕಿದಳು.

"ತೊಳ್ಕೊಂಡು ಹೊರಡು."

ತೊಳೆದುಕೊಂಡು, ಕೆಂಪಾದ ಒದ್ದೆ ಕಣ್ಣು ತೆರೆದು ಅವನು ಅವಳನ್ನು ನೋಡಿದ. ಒಂದೇ ಕ್ಷಣ. ಆ ಕಣ್ಣಲ್ಲಿ ಕಳ್ಳತನವಿರಲಿಲ್ಲ, ಏನೋ ಸಂಕೋಚವಿತ್ತು.

ರಾಜಿಯ ಎದೆ ಯಾಕೋ ಒಮ್ಮೆ ಜಗ್ಗಿದಂತಾಯಿತು.

'ಥೂ! ಇಂಥ ಕಣ್ಣಿರೋರೇ ಜಾಸ್ತಿ ಮೋಸ ಮಾಡೋದು...' ಎಂದು ತನಗೆ ತಾನೇ ಹೇಳಿಕೊಂಡಳು.

ಅವಳು ಹಾಗೆ ಹೇಳಿಕೊಳ್ಳುವುದಕ್ಕೆ ಕಾರಣವಿತ್ತು.

ಅಪ್ಪ ಬಿಟ್ಟುಹೋಗಿದ್ದು ಆ ಮನೆ ಮತ್ತು ಹಿಂದಿನ ಹತ್ತು ಗುಂಟೆ ಹಿತ್ತಲು ಮಾತ್ರ. ಅದರಲ್ಲಿ ಅವನದೇ ಬೀಜದ ನಲವತ್ತು ಮೆಣಸಿನ ಗಿಡ ಪ್ರತಿ ವರ್ಷ ಏಳುತ್ತಿದ್ದವು. ಎರಡು ವರ್ಷದ ಹಿಂದೆ, ಎಂಬತ್ತೊಂದರಲ್ಲಿ, ರಾಜಿಗೆ ಗಂಡು ಗೊತ್ತಾಗಿ ವೀಳ್ಯಶಾಸ್ತ್ರವೂ ಮುಗಿದಿತ್ತು. ಹುಡುಗ ಬಂದಾಗಲೆಲ್ಲ ಹಿತ್ತಲಲ್ಲಿ ಓಡಾಡಿ, "ಎಷ್ಟು ಚೆನ್ನಾಗೈತೆ ನಿಮ್ಮ ಜಾಗ" ಅನ್ನುತ್ತಿದ್ದ. ಅವಳು ಅದನ್ನು ಪ್ರೀತಿ ಅಂದುಕೊಂಡಿದ್ದಳು. ಮದುವೆಗೆ ಹದಿನೈದು ದಿನ ಇರುವಾಗ ಅವರ ಕಡೆಯವರು ಬಂದು, ಜಾಗ ಮೊದಲು ಹುಡುಗನ ಹೆಸರಿಗೆ ಆಗಲಿ ಅಂದರು. ಆಗಲ್ಲ ಅಂದಿದ್ದಕ್ಕೆ ಚಪ್ಪರ ಏಳಲೇ ಇಲ್ಲ.

ಮದುವೆ ಮುರಿದ ನೋವಿಗಿಂತ ತಾನು ಮೋಸಹೋದೆನೆಂಬ ಅವಮಾನ ಅವಳನ್ನು ಹೆಚ್ಚು ಸುಟ್ಟಿತ್ತು. ಈಗಂತೂ ಯಲಹಂಕದ ಸುತ್ತ ಎಲ್ಲಿ ನೋಡಿದರೂ ಲೇಔಟಿನ ಮಾತು, ಜಾಗ ಹುಡುಕುವ ದಲ್ಲಾಳಿಗಳು. ರಾಜಿಗೆ ಗಂಡಸರ ಒಳ್ಳೆಯತನವೆಂದರೆ ಭಯ.

ಅಂದು ಸಂಜೆ ಅವಳು ತಾಯಿಯನ್ನು ಕೇಳಿದಳು. "ಯಾರವ್ವ ಅವ್ನು?"

"ಲಕ್ಕಣ್ಣ ಅಂತೆ. ದಾಸರಳ್ಳಿಯೋನು. ಪೀಣ್ಯದಾಗೆ ಪ್ಯಾಕ್ಟ್ರಿ ಕೆಲ್ಸ."

"ಫ್ಯಾಕ್ಟ್ರಿಯೋನು ಮೆಣಸಿನಕಾಯಿ ಯಾಪಾರ ಮಾಡ್ತಾನಾ?"

"ಅಯ್ಯೋ ಬುಡಮ್ಮಿ!" ಎಂದು ಮುನಿವೆಂಕಟಮ್ಮ ಮುಖ ತಿರುಗಿಸಿದಳು. ಆ ರಾತ್ರಿ ಅನ್ನದಲ್ಲಿ ಕಲ್ಲು ಸಿಕ್ಕಿತು. ಒಂದಲ್ಲ, ಮೂರು. ಅಕ್ಕಿ ಆರಿಸುವುದರಲ್ಲಿ ಊರಿಗೇ ಹೆಸರಾದ ಅವ್ವ!

'ಮನಸ್ಸು ಎಲ್ಲೋ ಐತೆ ಇವ್ಳಿಗೆ. ಏನೋ ಮುಚ್ಚಿಡ್ತಾ ಅವ್ಳೆ...'

ಮುಂದಿನ ಶುಕ್ರವಾರ ರಾಜಿ ಕೆಲಸಕ್ಕೆ ಹೊರಟಂತೆ ಮಾಡಿ ಬೇಲಿಯ ಹಿಂದೆ ನಿಂತಳು. ಹತ್ತು ನಿಮಿಷದಲ್ಲಿ ಸೈಕಲ್ ಬಂತು. ಲಕ್ಕಣ್ಣ ಇಳಿದು ನೇರ ಹಿತ್ತಲಿಗೆ ಹೋದ. ಕೊಯ್ಯಲು ಶುರುಮಾಡಲಿಲ್ಲ. ಹಿಂಬಾಗಿಲ ಮೆಟ್ಟಿಲಿನಿಂದ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಎಣಿಸತೊಡಗಿದ.

"ಹನ್ನೊಂದು... ಹನ್ನೆರಡು... ಹದಿಮೂರು. ಅವ್ವ, ಸಾಲಿನ ತನಕ ಹದಿಮೂರು."

ರಾಜಿ ಬೇಲಿಯ ಕಡ್ಡಿ ಬಿಗಿಯಾಗಿ ಹಿಡಿದಳು. ಅಳೀತಾ ಅವ್ನೆ... ಜಾಗ ಅಳೀತಾ ಅವ್ನೆ!

ಆಮೇಲೆ ಅವನು ಜೇಬಿನಿಂದ ದಾರದ ಉಂಡೆ ತೆಗೆದು ಕೆಲವು ಗಿಡಗಳ ಕಾಂಡಕ್ಕೆ ಮಾತ್ರ ಗಂಟು ಹಾಕಿದ. ಗಡಿ ಗುರುತಿಗೆ ಕಲ್ಲು ನೆಡುವ ಮೊದಲು ಹೀಗೇ ಗುರುತು ಮಾಡುತ್ತಾರೆಂದು ಅವಳು ಕೇಳಿದ್ದಳು. ಅವ್ವ ಪಕ್ಕದಲ್ಲೇ ನಿಂತು, "ಚೆನ್ನಾಗಿ ಬಿಗಿ ಕಣಪ್ಪ" ಅನ್ನುತ್ತಿದ್ದಳು!

ಆ ದಿನ ಖುರ್ಷೀದಳ ಮುಂದೆ ರಾಜಿ ಎಲ್ಲ ಹೇಳಿಕೊಂಡು ಅತ್ತಳು. ಯಲಹಂಕದ ಹಳೇ ಊರಿನಲ್ಲಿ ಎರಡು ಮಿಷನ್ ಇಟ್ಟುಕೊಂಡು ಹೊಲಿಗೆ ನಡೆಸುತ್ತಿದ್ದ ಖುರ್ಷೀದ್ ಅವಳಿಗೆ ಯಜಮಾನಿಯೂ ಹೌದು, ಅಕ್ಕನಂಥವಳೂ ಹೌದು.

"ಅರೆ, ಅಳ್ಬೇಡ ರಾಜಿ. ಅವ್ನು ನಿನ್ನ ಜಾಗ ನೋಡ್ತಾನಾ, ನಿನ್ನ ನೋಡ್ತಾನಾ? ಅದು ಹೇಳು."

"ನನ್ನ ಯಾಕೆ ನೋಡ್ತಾನೆ?"

"ಕನ್ನಡಿ ಇಲ್ವಾ ಮನೇಲಿ?" ಎಂದು ನಕ್ಕ ಖುರ್ಷೀದ್, ಮರುಕ್ಷಣ ಗಂಭೀರಳಾದಳು. "ಒಂದ್ ವಿಷ್ಯ ಹೇಳ್ಲಾ ಬೇಡ್ವಾ ಅಂತಿದ್ದೆ. ಮೊನ್ನೆ ನಮ್ಮ ಮನೆಯವ್ರು ಹೆಬ್ಬಾಳದಲ್ಲಿ ನಿಮ್ಮಮ್ಮನ್ನ ನೋಡಿದ್ರಂತೆ. ಒಬ್ಬ ಹುಡುಗನ ಜೊತೆ. ಅಮ್ಮನ ಕೈಯಲ್ಲಿ ಏನೋ ಕಾಗ್ದ ಇತ್ತಂತೆ."

ರಾಜಿ ಮಿಷನ್ ನಿಲ್ಲಿಸಿದಳು. ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ.

ಮುನಿವೆಂಕಟಮ್ಮ ಒಲೆ ಮುಂದೆ ಕೂತು ಮುದ್ದೆ ತಿರುವುತ್ತಿದ್ದಳು. ಬೆಂಕಿಯ ಬೆಳಕಲ್ಲಿ ಅವಳ ಎಡಗೈ ಹೆಬ್ಬೆಟ್ಟು ಕಂಡಿತು. ಉಗುರಿನ ಸುತ್ತ, ಚರ್ಮದ ಗೆರೆಗಳಲ್ಲಿ... ನೀಲಿ ಮಸಿ!

"ಅವ್ವ... ಎಲ್ಲಿ ಹೆಬ್ಬೆಟ್ಟು ಒತ್ತಿದೆ?"

ಮುದ್ದೆ ಕೋಲು ನಿಂತಿತು.

"ಯೋಳವ್ವ! ಏನು ಬರ್ಕೊಟ್ಟೆ ಅವ್ನಿಗೆ?"

"ಏನೂ ಬರ್ಕೊಟ್ಟಿಲ್ಲ ಕಣೆ."

"ಹಂಗಾದ್ರೆ ಮಸಿ ಎಲ್ಲಿಂದ ಬಂತು?"

ತಾಯಿ ಸೆರಗಿನಲ್ಲಿ ಹೆಬ್ಬೆಟ್ಟು ಬಚ್ಚಿಟ್ಟುಕೊಂಡು ಅತ್ತಳು. ಆ ಅಳು ರಾಜಿಗೆ ತಪ್ಪೊಪ್ಪಿಗೆಯಂತೆಯೇ ಕಂಡಿತು.

ಮಂಗಳವಾರ ಅವಳು ಕೆಲಸಕ್ಕೆ ಹೋಗಲೇ ಇಲ್ಲ. ಮೆಣಸಿನ ಸಾಲಿನ ನಡುವೆಯೇ ನಿಂತು ಕಾದಳು. ಸೈಕಲ್ ಒರಗಿಸಿ ಒಳಬಂದ ಲಕ್ಕಣ್ಣ ಅವಳನ್ನು ಕಂಡು ತಬ್ಬಿಬ್ಬಾದ. ಮುಖದಲ್ಲಿ ಮಾತ್ರ, ತಡೆಯಲಾಗದೆ, ಒಂದು ಸಂತೋಷ ಮೂಡಿತು. ಆ ಸಂತೋಷ ಕಂಡೇ ಅವಳ ಸಿಟ್ಟು ನೆತ್ತಿಗೇರಿತು.

"ನಮ್ಮವ್ವನ ಕೈಲಿ ಹೆಬ್ಬೆಟ್ಟು ಒತ್ತಿಸ್ಕೊಂಡಿದ್ದು ಯಾವ ಕಾಗ್ದಕ್ಕೆ?"

ಅವನು ಬೆಚ್ಚಿ ಅವಳ ಹಿಂದೆ ನೋಡಿದ. ಬಾಗಿಲಲ್ಲಿ ಮುನಿವೆಂಕಟಮ್ಮ ಕೈಮುಗಿದು ನಿಂತಿದ್ದಳು, ಬೇಡ ಬೇಡ ಎಂಬಂತೆ ತಲೆಯಾಡಿಸುತ್ತಾ.

"ಹೇಳೋಕಾಗಲ್ಲ ಕಣ್ರೀ. ಮಾತು ಕೊಟ್ಟಿದೀನಿ."

"ಮಾತು! ಓದು ಬರಹ ಬರ್ದಿರೋ ಹೆಂಗಸನ್ನ ಮರಳು ಮಾಡಿ, ಜಾಗ ಅಳ್ದು, ದಾರ ಕಟ್ಟಿ... ಥೂ! ಕಳ್ಳನಾದ್ರೂ ವಾಸಿ, ಕದ್ದುಕೊಂಡು ಓಡೋಗ್ತಾನೆ. ನೀನು ಅವ್ವ ಅವ್ವ ಅಂತ್ಲೇ ಭೂಮಿ ನುಂಗೋನು!"

ಲಕ್ಕಣ್ಣನ ಮುಖ ಬಿಳುಚಿತು. ಸೈಕಲ್ಲಿನ ಕಡೆ ತಿರುಗಿದ. ಕೊನೆಗೆ ಇಷ್ಟೇ ಅಂದ.

"ಇನ್ನು ಬರಲ್ಲ. ಆದ್ರೆ... ಗುರುವಾರ ಅವ್ವನ್ನ ಒಬ್ಬಳೇ ಎಲ್ಲಿಗೂ ಕಳಿಸ್ಬೇಡಿ. ದಮ್ಮಯ್ಯ."

ಸೈಕಲ್ ಮಂಜಿನೊಳಗೆ ಕರಗಿಹೋಯಿತು. ಗೆದ್ದೆ ಅಂದುಕೊಂಡ ರಾಜಿಗೆ ಗೆದ್ದಂತೆ ಅನಿಸಲಿಲ್ಲ. ದಿನವಿಡೀ ಎದೆಯೊಳಗೆ ಏನೋ ಉರಿಯುತ್ತಲೇ ಇತ್ತು. ಗುರುವಾರ ಅಂದರೇನು? ಆ ದಿನ ರಿಜಿಸ್ಟ್ರೇಷನ್ನಾ?

ಮಾರನೇ ದಿನ ಬುಧವಾರ. ಅವಳು ಅಂದೂ ಮನೆಯಲ್ಲೇ ಉಳಿದಳು. ಗಿಡಗಳ ಎಲೆ ಮುದುರಿ ಹಳದಿಯಾಗಿದ್ದವು. ಇನ್ನು ಹೂ ಬಿಡುವ ಕಾಲವಲ್ಲ. ಇದ್ದಬದ್ದ ಕಾಯನ್ನೆಲ್ಲ ಕೊಯ್ದು ಗಿಡ ಕೀಳಬೇಕಿತ್ತು.

"ಅವ್ವ, ಬಾ. ಕೆಂಪಗಿರೋದು ಈ ಪುಟ್ಟಿಗೆ, ಹಸಿರು ಆ ಪುಟ್ಟಿಗೆ."

"ನಂಗೆ ಸೊಂಟ ನೋವು ಕಣಮ್ಮಿ..."

"ಸುಮ್ನೆ ಬಾರವ್ವ."

ತಾಯಿ ಮಗಳು ಒಂದೊಂದು ಸಾಲು ಹಿಡಿದರು. ಬಿಸಿಲೇರಿತು. ರಾಜಿ ತೊಟ್ಟು ಮುರಿಯದಂತೆ ಒಂದೊಂದೇ ಕಾಯಿ ಬಿಡಿಸುತ್ತಾ ಹೋದಳು. ಸಾಲಿನ ಕೊನೆಗೆ ಬಂದು ತಿರುಗಿ ನೋಡಿದಳು. ಅವ್ವನ ಕೆಂಪು ಕಾಯಿಯ ಪುಟ್ಟಿಯಲ್ಲಿ ಅರ್ಧಕ್ಕರ್ಧ ಹಸಿರು ಕಾಯಿ! ನಡುವೆ ಎಲೆ, ತೊಟ್ಟು, ಕೊಳೆತು ಕಪ್ಪಾದದ್ದು...

"ಏನವ್ವ ಇದು?"

ಮುನಿವೆಂಕಟಮ್ಮ ಕೇಳಿಸಿಕೊಳ್ಳಲಿಲ್ಲ. ಅವಳ ಬೆರಳುಗಳು ಗಿಡದ ಬುಡದಿಂದ ಮೇಲಕ್ಕೆ ತಡವುತ್ತಾ ಹೋಗಿ ದಾರದ ಗಂಟಿನ ಮೇಲೆ ನಿಂತವು. ಮುಖ ಅರಳಿತು. "ಇದ್ರಲ್ಲಿ ಐತೆ ನೋಡು, ಕೆಂಪಗಿರೋದು," ಎಂದು ಗಿಡವೆಲ್ಲ ತಡಕಿದಳು.

ಅದರಲ್ಲಿ ಒಂದೂ ಇರಲಿಲ್ಲ. ಹೋದ ವಾರವೇ ಅದನ್ನು ಕೊಯ್ದಾಗಿತ್ತು. ದಾರವಿಲ್ಲದ ಪಕ್ಕದ ಗಿಡದ ತುಂಬ ಹಣ್ಣಾದ ಕಾಯಿ ಉರಿಯುವ ಹಾಗೆ ನೇತಾಡುತ್ತಿದ್ದವು, ಅವ್ವನ ಮುಖದಿಂದ ಒಂದು ಗೇಣು ದೂರದಲ್ಲಿ.

ರಾಜಿ ಒಂದು ಕಾಯಿ ಕಿತ್ತು ತಾಯಿಯ ಕಣ್ಣ ಮುಂದೆ ಹಿಡಿದಳು.

"ಅವ್ವ... ಇದು ಯಾವ ಬಣ್ಣ?"

ಮುನಿವೆಂಕಟಮ್ಮ ಕಣ್ಣು ಕಿರಿದು ಮಾಡಿದಳು.

"ಅಸ್ರು... ಅಲ್ವಾ?"

"ಅವ್ವಾ!"

ಅನ್ನದಲ್ಲಿ ಸಿಕ್ಕ ಕಲ್ಲು... ಬಾಗಿಲ ಚೌಕಟ್ಟು ಹಿಡಿದು ಬರುವುದು... ಸಾಲಿನ ತನಕ ಹದಿಮೂರು ಹೆಜ್ಜೆ... ಎಲ್ಲವೂ ಒಟ್ಟಿಗೆ ಅವಳ ಎದೆಗೆ ಬಂದು ಹೊಡೆದವು.

"ವರ್ಸದಿಂದ ಮಂಜು ಕಣೆ," ಎಂದು ಅಳುತ್ತಾ ಹೇಳಿದಳು ತಾಯಿ. "ಮೊದ್ಲು ಬೆಳಗ್ಗೆ ಮಾತ್ರ ಅಂದ್ಕಂಡೆ. ಆಮೇಲೆ ಮದ್ಯಾನ್ನಾನೂ ಮಂಜೇ. ಯಸವಂತಪುರದ ಸಂತೆಗೆ ಕಾಯಿ ತಕಂಡು ಓಗಿದ್ದೆ ನೋಡು, ಅವತ್ತು ಲಾರಿ ಕೆಳಗೆ ಓಗ್ಬುಡ್ತಿದ್ದೆ. ಆ ಐದ, ಲಕ್ಕಣ್ಣ, ರಟ್ಟೆ ಇಡ್ದು ಎಳ್ಕಂಡ. ಮನೆ ಗಂಟ ಬಿಟ್ಟೋದ. ಮಗ್ಳಿಗೆ ಯೋಳ್ತೀನಿ ಅಂದ. ನಾನೇ ಆಣೆ ಮಾಡಿಸ್ಕಂಡೆ."

"ಯಾಕವ್ವ? ನಂಗ್ಯಾಕೆ ಹೇಳ್ಲಿಲ್ಲ?"

"ಒಂದು ಸಲ ಮುರ್ದೋಯ್ತು. ಇನ್ನು ಕುರುಡಿ ತಾಯಿ ಬೇರೆ ಅಂದ್ರೆ ನೀನು ಮದ್ವೆನೇ ಬ್ಯಾಡ ಅಂತ ಕುಂತ್ಕತೀಯ. ನಂಗೊತ್ತಿಲ್ವಾ ನೀನು?"

ಅವ್ವ ಬಣ್ಣ ಕಾಣದೆ ಬಿಟ್ಟ ಹಣ್ಣು ಗಿಡದಲ್ಲೇ ಕೊಳೆತು ಮಗಳಿಗೆ ಅನುಮಾನ ಬರಬಾರದೆಂದು ಅವನು ಬಂದು ಕೊಯ್ದಿಡುತ್ತಿದ್ದ. ಅವನಿಲ್ಲದ ದಿನ ಕೈಗೆ ತಿಳಿಯಲೆಂದು, ಹಣ್ಣಾಗುತ್ತಿರುವ ಗಿಡಕ್ಕೆ ದಾರ ಕಟ್ಟುತ್ತಿದ್ದ. ಎಡವದಿರಲೆಂದು ಹೆಜ್ಜೆ ಎಣಿಸಿ ಕಲಿಸುತ್ತಿದ್ದ. ಹೆಬ್ಬೆಟ್ಟು ಒತ್ತಿಸಿದ್ದು ಹೆಬ್ಬಾಳದ ಛತ್ರದಲ್ಲಿ ನಡೆಯುತ್ತಿದ್ದ ಕಣ್ಣಿನ ಶಿಬಿರದಲ್ಲಿ. ಪೊರೆ ತೆಗೆಯುವ ಆಪರೇಷನ್ನಿಗೆ ಒಪ್ಪಿಗೆಯ ಕಾಗದಕ್ಕೆ.

ಗುರುವಾರ ಆಪರೇಷನ್.

'ನಾನು ಅವನನ್ನು ಏನೆಂದೆ...'

ಮಧ್ಯಾಹ್ನದ ಹೊತ್ತಿಗೆ ಎರಡು ಬಸ್ಸು ಬದಲಾಯಿಸಿ ರಾಜಿ ದಾಸರಹಳ್ಳಿಯಲ್ಲಿ ಇಳಿದಳು. ಕೇಳುತ್ತಾ ಕೇಳುತ್ತಾ ಹೋಗಿ ಒಂದು ಹೆಂಚಿನ ಮನೆಯ ಮುಂದೆ ನಿಂತಳು. ಜಗಲಿಯ ಮೇಲೆ ಒಬ್ಬ ಮುದುಕ ಹಗ್ಗ ಹೊಸೆಯುತ್ತಿದ್ದ. ಕಣ್ಣು ತೆರೆದೇ ಇದ್ದವು, ನೋಟ ಮಾತ್ರ ಎಲ್ಲೋ ಇತ್ತು.

"ಲಕ್ಕಣ್ಣೋರ ಮನೆ..."

ಮುದುಕ ಮೂಗರಳಿಸಿದ. ನಕ್ಕ. "ಕೋಗಿಲಿನ ಮೆಣಸಿನಕಾಯಿ ಉಡುಗೀನಾ? ಬಾ ತಾಯಿ. ಕೈಯೆಲ್ಲ ಘಾಟು ಒಡೀತಾ ಐತೆ."

ರಾಜಿ ದಂಗಾದಳು. "ನಿಮ್ಗೆ... ನಾನು ಗೊತ್ತಾ?"

"ಗೊತ್ತಿಲ್ದೆ ಏನು? ಎಲ್ಡು ವಾರದಿಂದ ಈ ಮನ್ಯಾಗೆ ನಿಂದೇ ಮಾತು. ಇವತ್ತು ಕುಡುಗೋಲು ಇಡ್ದಿದ್ಲು ಕಣಪ್ಪ, ಅಳದಿ ಸೀರೆ ಉಟ್ಟಿದ್ಲು ಕಣಪ್ಪ ಅಂತ. ನಿನ್ನೆಯಿಂದ ಮಾತ್ರ ಬಾಯಿ ಬಿಟ್ಟಿಲ್ಲ. ಊಟಾನೂ ಬಿಟ್ಟವ್ನೆ, ಕೆಲ್ಸಕ್ಕೂ ಓಗಿಲ್ಲ." ಲಕ್ಕಣ್ಣನ ಅಪ್ಪ ಮುನಿಕೃಷ್ಣಪ್ಪ ಹಗ್ಗ ಪಕ್ಕಕ್ಕಿಟ್ಟ. "ನಾನೂ ನಿಮ್ಮವ್ವನಂಗೇ ಕಣ್ಣಿನ ವಿಸ್ಯ ಮುಚ್ಚಿಟ್ಟೋನು ಕಣವ್ವ. ಮಗನ ಓದು ನಿಂತೋಗ್ತದೆ ಅಂತ. ಗೊತ್ತಾಗೋ ಒತ್ತಿಗೆ ಕಾಲ ಮೀರಿತ್ತು. ಅದುಕ್ಕೇ ಅವ್ನು ನಿಮ್ಮವ್ವನ್ನ ಬಿಡ್ಲಿಲ್ಲ."

ಅವಳ ಕಣ್ಣಿಂದ ನೀರು ಇಳಿಯುತ್ತಿರುವಾಗಲೇ ಹಿಂದೆ ಬಿಂದಿಗೆಯ ಸದ್ದಾಯಿತು. ಬೀದಿ ನಲ್ಲಿಯಿಂದ ನೀರು ಹೊತ್ತು ಬಂದ ಲಕ್ಕಣ್ಣ ಅಲ್ಲೇ ನಿಂತುಬಿಟ್ಟ.

"ಅವ್ವ ಹುಷಾರಾಗವ್ರಾ?" ಎಂದು ಮೊದಲು ಕೇಳಿದ್ದು ಅವನೇ.

"ಹುಷಾರು. ನನಗೇ ಹುಷಾರಿಲ್ಲ." ಅವಳ ದನಿ ಒಡೆಯಿತು. "ನಾನು ಅಂದಿದ್ದಕ್ಕೆ... ಏನು ಮಾಡಿದ್ರೆ ಸರಿಹೋಗುತ್ತೆ ಹೇಳಿ."

ಅವನು ಬಿಂದಿಗೆ ಇಳಿಸಿದ. ಸುಲಭವಾಗಿ ನಗಲಿಲ್ಲ.

"ಮೊದಲನೇ ದಿನ ಕಳ್ಳ ಅಂದ್ಕೊಂಡ್ರಿ, ನಕ್ಕಿದ್ದೆ. ಆದ್ರೆ ಅವ್ವ ಅವ್ವ ಅಂತ್ಲೇ ಭೂಮಿ ನುಂಗೋನು ಅಂದ್ರಲ್ಲ... ಅದು ತುಂಬಾ ನೋವಾಯ್ತು ಕಣ್ರೀ. ನಾನು ಅವ್ವ ಅಂತ ಕರೆದು ಹದಿನೈದು ವರ್ಷ ಆಗಿತ್ತು."

ರಾಜಿ ತಲೆ ತಗ್ಗಿಸಿದಳು. ಕ್ಷಮಿಸಿ ಅನ್ನುವ ಮಾತು ತೀರಾ ಸಣ್ಣದಾಗಿ ಕಂಡಿತು.

"ನಂಗೆ ಒಬ್ಬ ಮೋಸ ಮಾಡಿದ್ದ. ಅದರ ಸಿಟ್ಟು ನಿಮ್ಮ ಮೇಲೆ ತೀರಿಸ್ಕೊಂಡೆ. ನಾಳೆ ಅವ್ವನ್ನ ನಾನೇ ಕರ್ಕೊಂಡು ಹೋಗ್ತೀನಿ. ಆದ್ರೆ... ನೀವೂ ಬನ್ನಿ. ಅವ್ವಂಗೋಸ್ಕರ ಅಲ್ಲ. ನಂಗೆ ಭಯ ಆಗ್ತಿದೆ."

ಲಕ್ಕಣ್ಣ ಅವಳನ್ನೇ ನೋಡಿದ. ಅವಳು ಈ ಸಲ ಅವನ ನೋಟದಲ್ಲಿ ಏನನ್ನೂ ಹುಡುಕಲಿಲ್ಲ. ಸುಮ್ಮನೆ ನೋಡಿದಳು.

"ಬರ್ತೀನಿ," ಅಂದ.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಕಣ್ಣಿಗೆ ಪಟ್ಟಿ ಕಟ್ಟಿ, ಐದು ದಿನ ಅಲ್ಲಾಡದೆ ಮಲಗಬೇಕೆಂದು ಡಾಕ್ಟರು ಹೇಳಿದರು. ಛತ್ರದ ಉದ್ದದ ಕೋಣೆಯಲ್ಲಿ ಕಿಟಕಿ ಪಕ್ಕದ ಚಾಪೆ ಮುನಿವೆಂಕಟಮ್ಮನದು. ದಿನಾ ಬೆಳಗ್ಗೆ ಲಕ್ಕಣ್ಣ ಬಂದು, ಕೆಲಸಕ್ಕೆ ಹೊತ್ತಾಗುವ ತನಕ ಕೂತು ಹೋಗುತ್ತಿದ್ದ. ಅವರಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವನು ಬರುವ ಹೊತ್ತಿಗೆ ರಾಜಿ ತಲೆ ಬಾಚಿಕೊಂಡಿರುತ್ತಿದ್ದಳು, ಅಷ್ಟೆ.

ನಾಲ್ಕನೇ ದಿನ ಅವ್ವನಿಗೆ ನಿದ್ದೆ ಹತ್ತಿತೆಂದು ಇಬ್ಬರೂ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಕೂತರು.

"ಒಂದು ಮಾತು ಕೇಳ್ಲಾ? ನಿಜ ಹೇಳ್ಬೇಕು. ನಿಮ್ಗೆ ಸುಳ್ಳು ಹೇಳೋಕೆ ಬರಲ್ಲ," ಅಂದಳು ರಾಜಿ.

"ಕೇಳಿ."

"ಅವ್ವಂಗೆ ಕಣ್ಣು ಬಂದ್ಮೇಲೆ... ಕೋಗಿಲಿಗೆ ಬರೋದು ನಿಲ್ಲಿಸ್ತೀರಾ?"

ಅವನು ಕಟ್ಟೆಯ ಮೇಲೆ ಬಿದ್ದಿದ್ದ ಬೇವಿನೆಲೆಯೊಂದನ್ನು ಎತ್ತಿಕೊಂಡ. "ಮೊದಲನೇ ದಿನ ಅವ್ವಂಗೋಸ್ಕರಾನೇ ಬಂದೆ. ಆಮೇಲಿನ ದಿನಗಳದ್ದು ಹಂಗೆ ಹೇಳೋಕಾಗಲ್ಲ. ನೀವು ಬಯ್ದಿದ್ದು ನೆನೆಸ್ಕೊಂಡು ಇಡೀ ದಾರಿ ನಗ್ತಾ ಸೈಕಲ್ ತುಳೀತಿದ್ದೆ. ಈಗ ಬರೋಕೆ ಒಂದು ಕಾರಣ ಹುಡುಕ್ತಾ ಇದೀನಿ... ಸಿಕ್ತಿಲ್ಲ."

ರಾಜಿಯ ಕಿವಿ ಕೆಂಪೇರಿತು. ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಅವನಿಗೂ ಕೇಳಿಸೀತೆಂದು ಭಯವಾಯಿತು.

"ನಾನೇ ಕಾರಣ ಅಂದ್ರೆ... ಸಾಲಲ್ವಾ?"

ಅವನು ಮಾತಾಡುವ ಮೊದಲೇ ಕಿಟಕಿಯೊಳಗಿಂದ ದನಿ ಬಂತು.

"ಸಾಕು ಸಾಕು! ಊ ಅನ್ನಪ್ಪ ಬೇಗ!"

"ಅವ್ವಾ! ನಿದ್ದೆ ಮಾಡ್ತಿಲ್ವಾ ನೀನು?"

"ಕಣ್ಣಿಗೆ ತಾನೆ ಪಟ್ಟಿ ಕಟ್ಟವ್ರೆ? ಕಿವಿಗಲ್ವಲ್ಲ!"

ಕೋಣೆಯಲ್ಲಿ ಮಲಗಿದ್ದ ಇನ್ನೂ ನಾಲ್ಕೈದು ಮುದುಕಿಯರು ಕಿಸಕ್ಕನೆ ನಕ್ಕರು. ರಾಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಲಕ್ಕಣ್ಣ ಎದ್ದು ಅವಳ ಕೈ ಹಿಡಿದು ಕಿಟಕಿಯಿಂದ ದೂರ, ಬೇವಿನ ಮರದ ನೆರಳಿಗೆ ಕರೆದುಕೊಂಡು ಹೋದ. ಹಿಡಿದ ಕೈಯನ್ನು ಅವಳು ಬಿಡಿಸಿಕೊಳ್ಳಲಿಲ್ಲ.

"ಮೊದ್ಲೇ ಹೇಳ್ಬಿಡ್ತೀನಿ," ಅಂದಳು. "ಮದುವೆ ಆದ್ರೂ ನಾನು ಅವ್ವನ್ನ ಬಿಟ್ಟು ಬರಲ್ಲ."

"ನಾನೂ ಅಪ್ಪನ್ನ ಬಿಟ್ಟು ಬರಲ್ಲ."

"ಹಂಗಾದ್ರೆ?"

"ಇಬ್ರನ್ನೂ ಒಂದೇ ಜಗಲಿ ಮೇಲೆ ಕೂರಿಸೋಣ."

"ದಿನಾ ಜಗಳ ಆಡ್ತಾರೆ!"

"ಆಡ್ಲಿ ಬಿಡು," ಲಕ್ಕಣ್ಣ ಮೆಲ್ಲಗೆ ಅಂದ. ಮೊದಲ ಬಾರಿ ಅವಳನ್ನು ಏಕವಚನದಲ್ಲಿ ಕರೆದಿದ್ದ. "ನಾವು ಒಳಗಿರ್ತೀವಲ್ಲ."